ಎಂಬತ್ತು ನಿಮಿಷದ ಆಟ, ಐದು ದಿನದ ನೋವು

ಹೋದ ಸಂಚಿಕೆಯಲ್ಲಿ ಕಬಡ್ಡಿ ಆಟಗಾರರ ಮೊಣಕಾಲು ನೋವಿನ ಬಗ್ಗೆ ಬರೆಯುವಾಗ ರಗ್ಬಿಯ ಮಾತು ಎರಡು ಸಾಲು ಬಂದಿತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ಹುಡುಗ ಹುಡುಗಿಯರು ಈ ಆಟ ಆಡುತ್ತಿದ್ದಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಇದೇನು ಆಟ ಅಂತ ಸರಿಯಾಗಿ ಗೊತ್ತಿಲ್ಲ, ಟಿವಿಯಲ್ಲಿ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ನಾನು ಫಿಸಿಯೋ ಆಗಿ ಕೆಲವು ವರ್ಷ ಕಾಲೇಜು ಹುಡುಗರ ಟೂರ್ನಿಗಳಲ್ಲಿ ಗೆರೆಯಾಚೆ ಐಸ್ ಡಬ್ಬಿ ಹಿಡಿದು ನಿಂತವಳು. ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿದ್ದವು: ಒಂದರ ಹಿಂದೆ ಒಂದು ಪಂದ್ಯ ಆಡುವಾಗ ಈ ಮೈಗಳು ಹೇಗೆ ತಡೆದುಕೊಳ್ಳುತ್ತವೆ? ಹಾಗಾಗಿ ಈ ಸಲ ಬರೀ ರಗ್ಬಿ, ಅಂದರೆ ಚೆಂಡು ಹಿಡಿದು ಓಡುವವನನ್ನು ಎದುರಿನವರು ತಬ್ಬಿ ನೆಲಕ್ಕೆ ಕೆಡವುವ ಆಟ.

ಪ್ರಶ್ನೆ: ಮೇಡಂ, 2023ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ರಗ್ಬಿ ವಿಶ್ವಕಪ್ಪನ್ನು ಮೊಮ್ಮಗನ ಜೊತೆ ಕೂತು ನೋಡಿದೆ. 20 ತಂಡ, 48 ಪಂದ್ಯ, ಅದಕ್ಕೆ ಏಳು ವಾರ! ಅದರ ಹಿಂದಿನ ವರ್ಷ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ 32 ತಂಡ, 64 ಪಂದ್ಯ, 29 ದಿನದಲ್ಲಿ ಮುಗಿದುಹೋಯಿತು. ಇವರಿಗೆ ಯಾಕೆ ಇಷ್ಟು ದಿನ ಬೇಕು? — ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಲೆಕ್ಕ ಸರಿಯಾಗಿ ಹಿಡಿದಿದ್ದೀರಿ. ನೋಡುವವರಿಗೆ ಏಳು ವಾರ ಜಾಸ್ತಿ ಅನ್ನಿಸುತ್ತದೆ. ಆಡುವ ಮೈಗೆ ಅದೂ ಕಡಿಮೆಯೇ.

ಪಂದ್ಯ ಮುಗಿದ ರಾತ್ರಿ ಆಟಗಾರನಿಗೆ ಅಷ್ಟಾಗಿ ಏನೂ ಗೊತ್ತಾಗುವುದಿಲ್ಲ. ಮೈ ಇನ್ನೂ ಬಿಸಿಯಾಗಿರುತ್ತದೆ, ತಲೆಯಲ್ಲಿ ಆಟ ಓಡುತ್ತಲೇ ಇರುತ್ತದೆ, ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಶುರುವಾಗುತ್ತದೆ ನೋಡಿ. ಕುತ್ತಿಗೆ ತಿರುಗುವುದಿಲ್ಲ, ಕೈ ಮೇಲೆತ್ತಲು ಆಗುವುದಿಲ್ಲ, ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕು. ಎರಡನೇ ದಿನ ಕೆಲವರಿಗೆ ಇನ್ನೂ ಜಾಸ್ತಿ. ಇದರಲ್ಲಿ ಎರಡು ತರದ ಪೆಟ್ಟು ಸೇರಿರುತ್ತದೆ. ಓಡಿ, ಗಕ್ಕನೆ ನಿಂತು, ತಿರುಗಿ, ಮತ್ತೆ ಓಡಿ ಸ್ನಾಯುವಿನ ಎಳೆಗಳು ಒಳಗೊಳಗೇ ಹರಿದಿರುವುದು ಒಂದು. ನೂರು ಕಿಲೋ ಮನುಷ್ಯ ವೇಗದಲ್ಲಿ ಬಂದು ಗುದ್ದಿದ ಜಾಗ ಕಂದಿ ಊದಿರುವುದು ಇನ್ನೊಂದು. ಫುಟ್‌ಬಾಲ್‌ನಲ್ಲಿ ಮೊದಲನೆಯದು ಧಾರಾಳ ಇದೆ. ಎರಡನೆಯದು ರಗ್ಬಿಯಷ್ಟು ಇಲ್ಲ. ಸ್ನಾಯುವಿಗೆ ಪೆಟ್ಟಾದಾಗ ಅದರೊಳಗಿನ ಕ್ರಿಯಾಟಿನ್ ಕೈನೇಸ್ ಅನ್ನುವ ಕಿಣ್ವ ರಕ್ತಕ್ಕೆ ಸೋರುತ್ತದೆ. ಪಂದ್ಯದ ಮಾರನೇ ದಿನ ರಕ್ತ ತೆಗೆದು ನೋಡಿದರೆ ಅದು ಏರಿರುತ್ತದೆ. ಅದು ಇಳಿದು ಮಾಮೂಲಿಗೆ ಬರಲು ಮೂರ್ನಾಲ್ಕು ದಿನ ಬೇಕು, ಕೆಲವರಿಗೆ ಇನ್ನೂ ಹೆಚ್ಚು.

ಇದು ದೊಡ್ಡ ಗಾಯ ಏನೂ ಆಗದೆ ಆಚೆ ಬಂದವರ ಕತೆ. ಗಾಯದ ಲೆಕ್ಕ ಬೇರೆ. ಗಂಡಸರ ವೃತ್ತಿಪರ ರಗ್ಬಿಯ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ತೆಗೆದ ಸರಾಸರಿ ಹೀಗಿದೆ: ಆಟಗಾರರು ಪಂದ್ಯದಲ್ಲಿ ಕಳೆಯುವ ಪ್ರತಿ 1000 ಗಂಟೆಗೆ 81 ಗಾಯ. ಅಭ್ಯಾಸದಲ್ಲಿ ಅದು ಬರೀ 3. ನಿಮ್ಮ ಮೊಮ್ಮಗನಿಗೆ ಲೆಕ್ಕ ಹಾಕಲು ಕೊಡಿ. ಎರಡೂ ತಂಡ ಸೇರಿ 30 ಜನ, 80 ನಿಮಿಷ ಆಡಿದರೆ ಒಟ್ಟು 40 ಗಂಟೆ. ಅಂದರೆ ಒಂದೊಂದು ಪಂದ್ಯದಲ್ಲೂ ಸುಮಾರು ಮೂರು ಜನ ಮುಂದಿನ ಅಭ್ಯಾಸಕ್ಕೋ ಪಂದ್ಯಕ್ಕೋ ಇಳಿಯಲಾಗದ ಹಾಗೆ ಆಚೆ ಬರುತ್ತಾರೆ. ಮೂರು ದಿನಕ್ಕೊಂದು ಪಂದ್ಯ ಇಟ್ಟರೆ ಎರಡು ವಾರದಲ್ಲಿ ತಂಡವೇ ಉಳಿಯುವುದಿಲ್ಲ.

ದಿನ ಕಡಿಮೆ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2015ರ ಜಪಾನ್ ತಂಡವನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಇಂಗ್ಲೆಂಡಿನಲ್ಲಿ ವಿಶ್ವಕಪ್. ಸೆಪ್ಟೆಂಬರ್ 19, ಶನಿವಾರ, ಬ್ರೈಟನ್ ಊರಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34–32ರಲ್ಲಿ ಸೋಲಿಸಿತು, ಅದೂ ಕೊನೇ ಗಳಿಗೆಯಲ್ಲಿ. ಎರಡು ಸಲ ಕಪ್ ಗೆದ್ದಿದ್ದ ತಂಡದ ಮೇಲೆ! ಆ ಗೆಲುವಿಗೆ ಆ ಹುಡುಗರು ಮೈಯಲ್ಲಿ ಇದ್ದದ್ದನ್ನೆಲ್ಲ ಸುರಿದಿದ್ದರು. ಆಮೇಲೆ? ಬುಧವಾರ, 23ಕ್ಕೆ, ಗ್ಲಾಸ್ಟರ್‌ನಲ್ಲಿ ಸ್ಕಾಟ್ಲೆಂಡ್ ಜೊತೆ ಪಂದ್ಯ. ನಡುವೆ ಸಿಕ್ಕಿದ್ದು ಭಾನುವಾರ, ಸೋಮವಾರ, ಮಂಗಳವಾರ ಅಷ್ಟೇ. ಸ್ಕಾಟ್ಲೆಂಡಿಗೆ ಅದು ಮೊದಲ ಪಂದ್ಯ, ಅವರ ಮೈಗೆ ಒಂದು ಗೀರೂ ಆಗಿರಲಿಲ್ಲ. ಅರ್ಧ ಆಟದ ಹೊತ್ತಿಗೆ ಸ್ಕಾಟ್ಲೆಂಡ್ 12–7ರಲ್ಲಿ ಮುಂದಿತ್ತು, ಆದರೂ ಜಪಾನ್ ಇನ್ನೂ ಗಟ್ಟಿಯಾಗಿ ನಿಂತಿತ್ತು. ಮುಗಿದಾಗ 45–10. ಎರಡನೇ ಅರ್ಧದಲ್ಲಿ ಕೊಟ್ಟಿದ್ದು 33, ಗಳಿಸಿದ್ದು 3. ಹತ್ತು ದಿನ ಕಳೆದು ಸಮೋವಾ ಮೇಲೆ ಆಡಿದಾಗ ಅದೇ ತಂಡ 26–5ರಲ್ಲಿ ಗೆದ್ದಿತು. ಆಮೇಲೆ ಅಮೆರಿಕವನ್ನೂ ಸೋಲಿಸಿತು. ಗುಂಪಿನಲ್ಲಿ ಮೂರು ಪಂದ್ಯ ಗೆದ್ದೂ ಕ್ವಾರ್ಟರ್ ಫೈನಲ್ ಸಿಗದೆ ಮನೆಗೆ ಹೋದ ಮೊದಲ ತಂಡ ಅದು. ಆ ಬುಧವಾರ ಸೋತದ್ದು ಆಟ ಬರದೆ ಅಂತ ನಾನಂತೂ ಒಪ್ಪುವುದಿಲ್ಲ. ಮೊದಲರ್ಧ ಆಡಿದ ರೀತಿ ನೋಡಿ, ಎರಡನೇ ಅರ್ಧದಲ್ಲಿ ಕಾಲು ಎತ್ತಿಡುವ ರೀತಿ ನೋಡಿ, ಗೊತ್ತಾಗುತ್ತದೆ.

ಆಗೆಲ್ಲ ಸಣ್ಣ ತಂಡಗಳಿಗೇ ಇಂಥ ದಿನಪಟ್ಟಿ ಬರುತ್ತಿತ್ತು. ದೊಡ್ಡ ತಂಡಗಳ ಪಂದ್ಯ ಟಿವಿಗಾಗಿ ಶನಿವಾರ, ಭಾನುವಾರ ಬೀಳಬೇಕಲ್ಲ. ನೀವು ನೋಡಿದ 2023ರ ಟೂರ್ನಿಯಲ್ಲಿ ಇದನ್ನು ತಿದ್ದಿದರು. ಯಾವ ತಂಡಕ್ಕೇ ಆಗಲಿ ಎರಡು ಪಂದ್ಯಗಳ ನಡುವೆ ಕನಿಷ್ಠ ಐದು ದಿನ ಬಿಡುವು ಅಂತ ಮಾಡಿದರು. ಅದಕ್ಕಾಗಿಯೇ ಟೂರ್ನಿಯನ್ನು ಒಂದು ವಾರ ಹಿಗ್ಗಿಸಿದರು. ಒಂದು ತಂಡ ಕರೆದುಕೊಂಡು ಹೋಗುವ ಆಟಗಾರರ ಸಂಖ್ಯೆಯನ್ನು 31ರಿಂದ 33ಕ್ಕೆ ಏರಿಸಿದರು. ನಿಮಗೆ ಉದ್ದ ಅನ್ನಿಸಿದ ಆ ಏಳನೇ ವಾರ ಹೀಗೆ ಬಂದದ್ದು, ಮೇಷ್ಟ್ರೇ.

ಪ್ರಶ್ನೆ: ಅಕ್ಕಾ, ಫುಟ್‌ಬಾಲ್ ಆಟಗಾರರು ಒಂದು ಪಂದ್ಯದಲ್ಲಿ 10–11 ಕಿಲೋಮೀಟರ್ ಓಡ್ತಾರೆ. ರಗ್ಬಿಯವರು 6 ಕಿಲೋಮೀಟರ್ ಓಡಿದ್ರೆ ಜಾಸ್ತಿ. ಮತ್ತೆ ರಗ್ಬಿಯೇ ಕಷ್ಟ ಅಂತ ಹೇಗೆ ಹೇಳ್ತಾರೆ? — ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನೀನು ಹೇಳಿದ ಕಿಲೋಮೀಟರ್ ಲೆಕ್ಕ ಹತ್ತಿರ ಹತ್ತಿರ ಸರಿ ತಮ್ಮಾ. ಎರಡೂ ತಂಡದವರು ಬಗ್ಗಿ ತಳ್ಳಾಡುವ ಸ್ಕ್ರಮ್‌ನಲ್ಲಿ ತಲೆ ಕೊಡುವ ಫಾರ್ವರ್ಡ್‌ಗಳು ಐದಾರು ಕಿಲೋಮೀಟರ್, ಹಿಂದೆ ನಿಲ್ಲುವ ಬ್ಯಾಕ್‌ಗಳು ಆರೇಳು. 80 ನಿಮಿಷದಲ್ಲಿ ಚೆಂಡು ನಿಜವಾಗಿ ಆಟದಲ್ಲಿ ಇರುವುದೂ 35 ನಿಮಿಷದ ಆಸುಪಾಸು. ಆದರೆ ಆ 35 ನಿಮಿಷದಲ್ಲಿ ಏನೇನು ಮಾಡುತ್ತಾರೆ ನೋಡು. ಹತ್ತು ಹೆಜ್ಜೆ ಓಡಿ ಒಬ್ಬನನ್ನು ಕೆಡವು, ಅವನ ಜೊತೆ ನೀನೂ ನೆಲಕ್ಕೆ ಬೀಳು, ಮೂರು ಸೆಕೆಂಡಿನಲ್ಲಿ ಎದ್ದು ಸಾಲಿಗೆ ಬಾ, ಮತ್ತೆ ಕೆಡವು. ನಿಮ್ಮ ಶಾಲೆಯ ಮೈದಾನದಲ್ಲಿ ಒಂದು ಕೆಲಸ ಮಾಡು. ನೂರು ಮೀಟರ್ ಸುಮ್ನೆ ಓಡು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನೂರು ಮೀಟರ್ ಓಡು, ಈ ಸಲ ಹತ್ತತ್ತು ಮೀಟರಿಗೆ ಒಮ್ಮೆ ಅಂಗಾತ ಮಲಗಿ ಎದ್ದು ಓಡು. ಉಸಿರು ಎಲ್ಲಿಗೆ ಹೋಗುತ್ತದೆ ಅಂತ ನಿನಗೇ ಗೊತ್ತಾಗುತ್ತದೆ. ಯಾರೂ ನಿನಗೆ ಗುದ್ದದೇ ಇದ್ದಾಗಿನ ಕತೆ ಅದು.

2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್ಟ್ ಒಬ್ಬನೇ 28 ಟ್ಯಾಕಲ್ ಮಾಡಿದ, ಅಂದರೆ ಚೆಂಡು ಹಿಡಿದವನನ್ನು 28 ಸಲ ಕೆಡವಿದ. ಹೆಚ್ಚು ಕಮ್ಮಿ ಮೂರು ನಿಮಿಷಕ್ಕೊಂದು. ಅದು ಅವನ ತಂಡಕ್ಕೆ ಎರಡು ವಾರದಲ್ಲಿ ಮೂರನೇ ನಾಕೌಟ್ ಪಂದ್ಯ. ಫ್ರಾನ್ಸ್ ಮೇಲೆ 29–28, ಇಂಗ್ಲೆಂಡ್ ಮೇಲೆ 16–15, ನ್ಯೂಜಿಲೆಂಡ್ ಮೇಲೆ 12–11. ಮೂರನ್ನೂ ಒಂದೊಂದೇ ಅಂಕದಲ್ಲಿ ಗೆದ್ದರು. ಒಂದರಲ್ಲೂ ಕೊನೆಯ ಹತ್ತು ನಿಮಿಷ ಉಸಿರು ಬಿಡಲು ಪುರುಸೊತ್ತು ಸಿಗಲಿಲ್ಲ. ಕಿಲೋಮೀಟರ್ ಲೆಕ್ಕದಲ್ಲಿ ಇದೆಲ್ಲ ಎಲ್ಲೂ ಕಾಣುವುದಿಲ್ಲ.

ಪ್ರಶ್ನೆ: ನಾನು ಕಬಡ್ಡಿ ಆಡುವವನು. ಟ್ಯಾಕಲ್ ನನಗೆ ಅರ್ಥವಾಗುತ್ತದೆ. ಆದರೆ ಸ್ಕ್ರಮ್ ಅಂತ ಎಂಟೆಂಟು ಜನ ಬಗ್ಗಿ ತಲೆ ಕೊಟ್ಟು ತಳ್ಳುತ್ತಾರಲ್ಲ, ಅದರಲ್ಲಿ ಕುತ್ತಿಗೆ ಮುರಿಯುವುದಿಲ್ಲವೇ? ಆ ಜಾಗಕ್ಕೆ ಯಾರು ಬೇಕಾದರೂ ಹೋಗಬಹುದೇ? — ಓದುಗರು, ಕುಂದಾಪುರ

ಉತ್ತರ: ಖಂಡಿತ ಯಾರು ಬೇಕಾದರೂ ಹೋಗುವ ಜಾಗ ಅಲ್ಲ. ದೊಡ್ಡ ತಂಡಗಳಲ್ಲಿ ಆ ಎಂಟು ಜನರ ಒಟ್ಟು ತೂಕವೇ 900 ಕಿಲೋ ದಾಟುತ್ತದೆ. ಎದುರಿನಿಂದ ಅಷ್ಟೇ ತೂಕ. ಮೊದಲೆಲ್ಲ ಎರಡು ಗುಂಪೂ ದೂರ ನಿಂತು ಓಡಿಬಂದಂತೆ ಢಿಕ್ಕಿ ಹೊಡೆಯುತ್ತಿದ್ದವು. ಆ ಢಿಕ್ಕಿಯ ಬಲ ಅಳೆದು ನೋಡಿದಾಗ ಒಂದೂವರೆ ಟನ್ ತೂಕ ಮೈಮೇಲೆ ಬಿದ್ದಷ್ಟು ಇತ್ತು. 2013ರಲ್ಲಿ ನಿಯಮ ಬದಲಾಯಿಸಿ, ಮೊದಲು ಎದುರಿನವನ ಜೆರ್ಸಿ ಹಿಡಿದುಕೊಳ್ಳಬೇಕು, ಆಮೇಲೆ ರೆಫರಿ ಹೇಳಿದಾಗ ಸೇರಬೇಕು ಅಂತ ಮಾಡಿದರು. ಢಿಕ್ಕಿ ಸುಮಾರು ಕಾಲು ಭಾಗ ಕಡಿಮೆಯಾಯಿತು. ಹಾಗಿದ್ದರೂ ಮುಂದಿನ ಸಾಲಿನ ಮೂವರ ಕುತ್ತಿಗೆ, ಭುಜ, ಬೆನ್ನಿನ ಕೆಳಭಾಗದ ಮೇಲೆ ಬೀಳುವ ಭಾರ ಕಮ್ಮಿ ಏನಲ್ಲ. ಇಬ್ಬರು ಪ್ರಾಪ್, ನಡುವೆ ಒಬ್ಬ ಹೂಕರ್. ಆ ಮೂವರು ವರ್ಷಗಟ್ಟಲೆ ಕುತ್ತಿಗೆಗೇ ಅಂತ ಬೇರೆ ವ್ಯಾಯಾಮ ಮಾಡಿರುತ್ತಾರೆ. ಅದಕ್ಕೇ 23 ಜನರ ಪಂದ್ಯದ ತಂಡದಲ್ಲಿ ಮುಂದಿನ ಸಾಲಿಗೆ ಕಲಿತ ಬದಲಿ ಆಟಗಾರರು ಇರಲೇಬೇಕು ಅಂತ ನಿಯಮ.

ಇದು ಎಷ್ಟು ಸೂಕ್ಷ್ಮ ಅಂದರೆ, ಮತ್ತೆ ಅದೇ 2023ರ ಫೈನಲ್‌ಗೆ ಬರುತ್ತೇನೆ. ದಕ್ಷಿಣ ಆಫ್ರಿಕಾದ ಹೂಕರ್ ಮಾಲ್ಕಮ್ ಮಾರ್ಕ್ಸ್ ಟೂರ್ನಿಯ ಮೊದಲ ಭಾಗದಲ್ಲೇ ಅಭ್ಯಾಸದಲ್ಲಿ ಮೊಣಕಾಲು ಕೆಡಿಸಿಕೊಂಡು ಹೊರಬಿದ್ದ. ಅವನ ಜಾಗಕ್ಕೆ ಇನ್ನೊಬ್ಬ ಹೂಕರ್ ಕರೆಸುವ ಬದಲು ಚೆಂಡು ಒದೆಯುವ ಹ್ಯಾಂಡ್ರೆ ಪೊಲಾರ್ಡ್‌ನನ್ನು ಕರೆಸಿದರು. ಉಳಿದವನು ಬೊಂಗಿ ಬೊನಾಂಬಿ ಒಬ್ಬ. ಫೈನಲ್ ಶುರುವಾಗಿ ಮೂರು ನಿಮಿಷ ಆಗಿರಲಿಲ್ಲ, ಬೊನಾಂಬಿ ಗಾಯವಾಗಿ ಆಚೆ ಹೋದ. ಆಗ ಒಳಗೆ ಬಂದವನು ಡಿಯಾನ್ ಫೋರಿ. 37 ವರ್ಷ. ಹಿಂದೆ ಹೂಕರ್ ಆಗಿದ್ದವನು, ಈಚೆಗೆ ಹೆಚ್ಚಾಗಿ ಬೇರೆ ಜಾಗದಲ್ಲಿ ಆಡುತ್ತಿದ್ದವನು. ಕೊನೆಯಲ್ಲಿ ಹತ್ತು ನಿಮಿಷ ಬರಬೇಕಿದ್ದ ಮನುಷ್ಯ ಹೆಚ್ಚು ಕಮ್ಮಿ ಇಡೀ ಫೈನಲ್ ಆ ಸ್ಕ್ರಮ್‌ನ ನಡುವೆ ನಿಂತ. ಅತ್ತ ಪೊಲಾರ್ಡ್ ನಾಲ್ಕು ಪೆನಾಲ್ಟಿ ಒದ್ದು ತಂಡದ 12 ಅಂಕವನ್ನೂ ತಾನೇ ತಂದ. ತರಬೇತುದಾರರ ಲೆಕ್ಕ ಗೆದ್ದಿತು ಅಂತ ಎಲ್ಲರೂ ಬರೆದರು. ನಾನು ಮಾತ್ರ ಪಂದ್ಯದುದ್ದಕ್ಕೂ ಆ ಫೋರಿಯ ಕುತ್ತಿಗೆಯನ್ನೇ ನೋಡುತ್ತಾ ಕೂತಿದ್ದೆ.

ನೀವು ರಗ್ಬಿ ಶುರು ಮಾಡುವುದಿದ್ದರೆ ಕಬಡ್ಡಿಯ ಕಾಲು ಹಿಡಿಯುವ ಚುರುಕು ತುಂಬಾ ಉಪಯೋಗಕ್ಕೆ ಬರುತ್ತದೆ. ಸ್ಕ್ರಮ್ ಮಾತ್ರ ತಿಳಿದವರ ಕೈಕೆಳಗೆ ನಿಧಾನವಾಗಿ ಕಲಿಯಿರಿ.

ಪ್ರಶ್ನೆ: ಇವರು ದಿನಕ್ಕೆ ಎಷ್ಟು ತಿನ್ನುತ್ತಾರೆ? ನಮ್ಮ ಹುಡುಗ ಈಗ ರಗ್ಬಿ ಆಡುತ್ತಾನೆ, ಮುದ್ದೆ ತಿಂದರೆ ಸಾಕಾಗಲ್ವಾ? — ಗೃಹಿಣಿ, ಮಂಡ್ಯ

ಉತ್ತರ: ದೊಡ್ಡ ಟೂರ್ನಿಯಲ್ಲಿ 110 ಕಿಲೋ ತೂಗುವ ಆಟಗಾರ ದಿನಕ್ಕೆ ನಾಲ್ಕರಿಂದ ಐದು ಸಾವಿರ ಕ್ಯಾಲೊರಿ ತಿನ್ನುತ್ತಾನೆ. ನಾವು ನೀವು ತಿನ್ನುವುದರ ಎರಡರಷ್ಟು. ಮೈತೂಕದ ಪ್ರತಿ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಬೇಕು, ಅದನ್ನು ಒಂದೇ ಊಟದಲ್ಲಿ ತುರುಕದೆ ದಿನವಿಡೀ ಹಂಚಿ ತಿನ್ನಬೇಕು. ನಿಮ್ಮ ಹುಡುಗ ಅಷ್ಟು ದೊಡ್ಡವನಲ್ಲ, ಗಾಬರಿಯಾಗಬೇಡಿ. ಮುದ್ದೆ ಒಳ್ಳೆಯದೇ, ಅಭ್ಯಾಸದ ದಿನಗಳಲ್ಲಿ ಧಾರಾಳ ಕೊಡಿ, ಜೊತೆಗೆ ಕಾಳು ಸಾರು, ಮೊಟ್ಟೆ, ಮೊಸರು. ಪಂದ್ಯದ ದಿನ ಬೆಳಿಗ್ಗೆ ಮಾತ್ರ ಬೇಡ. ನಾರು ಜಾಸ್ತಿ, ಹೊಟ್ಟೆ ಭಾರ ಆಗುತ್ತದೆ. ಇಡ್ಲಿ, ಅನ್ನ, ಬಾಳೆಹಣ್ಣು ಸಾಕು. ಪಂದ್ಯದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಅದು ಬೆವರು. ಮುಂದಿನ ಕೆಲವು ಗಂಟೆಯಲ್ಲಿ ಒಂದೂವರೆ ಲೀಟರ್‌ನಷ್ಟು ನಿಧಾನವಾಗಿ ಕುಡಿಯಬೇಕು. ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ ಮಗಳು ಕಾಲೇಜು ತಂಡದಲ್ಲಿ ರಗ್ಬಿ ಆಡುತ್ತಾಳೆ. ಎರಡು ದಿನದ ಟೂರ್ನಿಯಲ್ಲಿ ಮೊದಲ ದಿನ ಯಾರದೋ ಮೊಣಕಾಲು ತಲೆಗೆ ಬಡಿದು ಸ್ವಲ್ಪ ಹೊತ್ತು ಮಂಕಾಗಿ ಕೂತಿದ್ದಳು. ಸ್ಕೋರ್ ಎಷ್ಟು ಅಂತ ಎರಡು ಸಲ ಕೇಳಿದಳಂತೆ. ಮಾರನೇ ದಿನ "ಚೆನ್ನಾಗಿದ್ದೀನಿ" ಅಂದಳು, ಕೋಚ್ ಆಡಿಸಿದರು. ನಾನು ಬೇಡ ಅಂದಿದ್ದಕ್ಕೆ ಇಬ್ಬರೂ ನನ್ನನ್ನೇ ಭಯಸ್ಥೆ ಅಂದರು. ನಾನು ಮಾಡಿದ್ದು ತಪ್ಪೇ? — ಒಬ್ಬ ತಾಯಿ, ಬೆಂಗಳೂರು

ಉತ್ತರ: ಅಮ್ಮಾ, ನೀವು ಮಾಡಿದ್ದೇ ಸರಿ. ನಿಮ್ಮ ಪತ್ರ ಓದಿ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಯಾಕೆಂದರೆ ಇದೇ ದೃಶ್ಯವನ್ನು ಗೆರೆಯಾಚೆ ನಿಂತು ನಾನೂ ನೋಡಿದ್ದೇನೆ. ಒಂದು ಟೂರ್ನಿಯಲ್ಲಿ ತಲೆಗೆ ಪೆಟ್ಟಾದ ಹುಡುಗನನ್ನು ಆಚೆ ಕೂರಿಸಿ ಅಂದೆ. ಆಯೋಜಕರಲ್ಲಿ ಒಬ್ಬರು "ಸೆಮಿಫೈನಲ್ ಮೇಡಂ, ಇವತ್ತೊಂದು ದಿನ" ಅಂದರು. ನಾನು ಇನ್ನೂ ಜೋರಾಗಿ ಹೇಳಬೇಕಿತ್ತು ಅನ್ನುವುದು ಇವತ್ತಿಗೂ ಕೊರೆಯುತ್ತದೆ.

ಸ್ಕೋರ್ ಎರಡು ಸಲ ಕೇಳಿದಳು ಅಂದಿರಲ್ಲ, ಅದೇ ಗುರುತು. ಅದಕ್ಕೆ ಕನ್ಕಷನ್ ಅನ್ನುತ್ತಾರೆ, ಅಂದರೆ ಮಿದುಳು ತಲೆಬುರುಡೆಯೊಳಗೆ ಅಲುಗಾಡಿ ಆಗುವ ಪೆಟ್ಟು. ಇದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಹೊರಗೆ ರಕ್ತ ಇಲ್ಲ, ಊತ ಇಲ್ಲ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹಾಗಾಗಿ ಕಾಲು ಮುರಿದವನನ್ನು ಯಾರೂ ಆಡು ಅನ್ನುವುದಿಲ್ಲ, ಇದಾದವರನ್ನು ಆಡಿಸಿಬಿಡುತ್ತಾರೆ. ಮೊದಲನೆಯದು ವಾಸಿಯಾಗುವ ಮುಂಚೆ ಎರಡನೇ ಪೆಟ್ಟು ಬಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಜೀವಕ್ಕೇ ಅಪಾಯ ಆಗಬಹುದು.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಈಗ ಹೇಗೆ ಮಾಡುತ್ತಾರೆ ಅಂತ ಕೋಚ್‌ಗೆ ತೋರಿಸಿ. ಅನುಮಾನ ಬಂದರೆ ಆಟಗಾರನನ್ನು 12 ನಿಮಿಷ ಆಚೆ ಕರೆದು ವೈದ್ಯರು ನೆನಪು, ಸಮತೋಲನ, ಮಾತು ಪರೀಕ್ಷಿಸುತ್ತಾರೆ. ಅಷ್ಟು ಹೊತ್ತು ಬದಲಿ ಆಟಗಾರ ಆಡುತ್ತಾನೆ. ತೂರಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಪರೀಕ್ಷೆಯೂ ಇಲ್ಲ, ನೇರವಾಗಿ ಆಚೆ. ಪಂದ್ಯವಾದ ಮೇಲೆ ಇನ್ನೊಮ್ಮೆ, ಎರಡು ರಾತ್ರಿ ಕಳೆದ ಮೇಲೆ ಮತ್ತೊಮ್ಮೆ ನೋಡುತ್ತಾರೆ. 2022ರ ನಿಯಮದ ಪ್ರಕಾರ ಕನ್ಕಷನ್ ಆದ ಬಹುಪಾಲು ಆಟಗಾರರು ಮುಂದಿನ ಪಂದ್ಯ ಆಡುವಂತಿಲ್ಲ, ಹಲವರಿಗೆ ಕನಿಷ್ಠ 12 ದಿನ ಬಿಡುವು ಕಡ್ಡಾಯ. ವಿಶ್ವಕಪ್‌ನಲ್ಲಿ 12 ದಿನ ಅಂದರೆ ಎಷ್ಟು ದೊಡ್ಡ ನಷ್ಟ ಅಂತ ಯೋಚಿಸಿ, ಆದರೂ ಬಿಡುತ್ತಾರೆ. 2025ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ ಹಲ್ಲಿಗೆ ಹಾಕುವ ಮೌತ್‌ಗಾರ್ಡ್‌ನಲ್ಲೇ ಪೆಟ್ಟು ಅಳೆಯುವ ಸಾಧನ ಇತ್ತು, ತಲೆಗೆ ಜೋರಾದ ಪೆಟ್ಟು ಬಿದ್ದರೆ ಬಾಯೊಳಗೆ ಕೆಂಪು ದೀಪ ಮಿನುಗುತ್ತಿತ್ತು. ಆಟಗಾರ್ತಿ "ಚೆನ್ನಾಗಿದ್ದೀನಿ" ಅಂದರೂ ರೆಫರಿಗೆ ಕಾಣುತ್ತಿತ್ತು.

ಅಲ್ಲಿ ಆಸ್ಪತ್ರೆಯಷ್ಟೇ ಸಲಕರಣೆ ಮೈದಾನದ ಪಕ್ಕದಲ್ಲಿ ಇರುತ್ತದೆ. ನಮ್ಮ ಕಾಲೇಜು ಮೈದಾನದಲ್ಲಿ ಏನೂ ಇರುವುದಿಲ್ಲ. ಅದಕ್ಕೇ ನಮಗೆ ನಿಯಮ ಇನ್ನೂ ಬಿಗಿ ಇರಬೇಕು. ಬ್ರಿಟನ್‌ನಲ್ಲಿ 2023ರಲ್ಲಿ ಊರುಕೇರಿಯ ಆಟಗಾರರಿಗೆ ಅಂತ ಮಾಡಿದ ಸೂಚನೆ ಹೀಗಿದೆ: ಅನುಮಾನ ಬಂದರೆ ಆಚೆ ಕೂರಿಸಿ, ಆ ದಿನ ಮತ್ತೆ ಆಡಿಸಬೇಡಿ, ಮೊದಲ 24 ಗಂಟೆ ಒಬ್ಬರನ್ನೇ ಬಿಡಬೇಡಿ, 21 ದಿನ ಆಗುವ ಮುಂಚೆ ಪಂದ್ಯಕ್ಕೆ ಇಳಿಸಬೇಡಿ. ಮಗಳಿಗೆ ಈಗಲೂ ತಲೆನೋವು, ಬೆಳಕು ಕಂಡರೆ ಕಿರಿಕಿರಿ, ಓದಲು ಗಮನ ಕೊಡಲಾಗದಿರುವುದು ಇದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು, ಕೈಕಾಲು ಸೋಲುವುದು, ಫಿಟ್ಸ್, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ. ಮನೆಯಲ್ಲಿ ಕೂತು ಕಾಯಬೇಡಿ.

ಇನ್ನೊಂದು ಮಾತು ಮಗಳಿಗೆ ಹೇಳಿ. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಹೂಕರ್ ಆಗಿದ್ದವನು ಸ್ಟೀವ್ ಥಾಂಪ್ಸನ್. 2020ರಲ್ಲಿ, ಇನ್ನೂ 42 ವಯಸ್ಸಿಗೆ, ತನಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂತ ಹೇಳಿಕೊಂಡ. ಕಪ್ ಗೆದ್ದ ಆ ಪಂದ್ಯ ಆಡಿದ್ದೇ ನೆನಪಿಲ್ಲ ಅಂದ. ಆಡುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಈ ಆಟವನ್ನು ನಾನು ಪ್ರೀತಿಸುತ್ತೇನೆ. ಮೂರು ವಾರ ಕೂತರೆ ಅವಳು ಕಳೆದುಕೊಳ್ಳುವುದು ಮೂರು ವಾರ ಮಾತ್ರ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಆಡುವ ಸೆವೆನ್ಸ್ ರಗ್ಬಿ ಬರೀ 14 ನಿಮಿಷ. ಅದು ಸುಲಭ ಅಲ್ವಾ? — ಓದುಗರು, ಹುಬ್ಬಳ್ಳಿ

ಉತ್ತರ: 15 ಜನ ಆಡುವ ಅಷ್ಟೇ ದೊಡ್ಡ ಮೈದಾನದಲ್ಲಿ ಏಳೇ ಜನ. ಏಳು ನಿಮಿಷದ ಎರಡು ಅರ್ಧ, ನಡುವೆ ಎರಡು ನಿಮಿಷ. ಎಲ್ಲೂ ನಡೆಯುವ ಹಾಗಿಲ್ಲ, ಓಟ ಓಟ ಓಟ. ಅದು ಮುಗಿದು ಮೂರ್ನಾಲ್ಕು ಗಂಟೆಗೆ ಮತ್ತೆ ಪಂದ್ಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಫಿಜಿ ಗಂಡಸರ ತಂಡ ಆಗಸ್ಟ್ 9ರಿಂದ 11ರವರೆಗೆ ಮೂರೇ ದಿನದಲ್ಲಿ ಆರು ಪಂದ್ಯ ಆಡಿತು. ಆರನೆಯದರಲ್ಲಿ ಬ್ರಿಟನ್ ಮೇಲೆ 43–7. ಫಿಜಿ ದೇಶಕ್ಕೆ ಅದು ಒಲಿಂಪಿಕ್ಸ್‌ನ ಮೊಟ್ಟಮೊದಲ ಪದಕ, ಅದೂ ಚಿನ್ನ. ಕೊನೇ ಪಂದ್ಯದಲ್ಲೂ ಅವರು ಮೊದಲ ದಿನದಂತೆಯೇ ಓಡುತ್ತಿದ್ದರು, ಅದೇ ನನಗೆ ಬೆರಗು.

ಇಲ್ಲಿ ಕಷ್ಟ ಇರುವುದು ಆ ನಡುವಿನ ಮೂರು ಗಂಟೆಯಲ್ಲಿ. ಮೈ ತಣ್ಣಗಾಗಲು ಬಿಟ್ಟರೆ ಕಾಲು ಮರದ ತುಂಡಾಗುತ್ತದೆ. ಬಿಸಿಯಾಗೇ ಇಟ್ಟರೆ ಶಕ್ತಿ ಸೋರುತ್ತದೆ. ಸ್ವಲ್ಪ ನಡೆದಾಡಿ, ಸ್ವಲ್ಪ ತಿಂದು, ನೆರಳಲ್ಲಿ ಕಾಲು ಮೇಲೆ ಮಾಡಿ ಮಲಗಿ, ಮತ್ತೆ ಶುರುವಿನಿಂದ ಮೈ ಬಿಸಿ ಮಾಡಿಕೊಳ್ಳಬೇಕು. ದಿನಕ್ಕೆ ಎರಡು ಮೂರು ಸಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಮ್ಮ ದೇಶದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದದ್ದೂ ಸೆವೆನ್ಸ್ ಮಾದರಿಯಲ್ಲೇ. ಆರು ತಂಡಗಳಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಜೂನ್ ತಿಂಗಳ ಮುಂಬೈಯ ಸೆಕೆ ಗೊತ್ತಲ್ಲ, ಬೆವರು ಆರುವುದೇ ಇಲ್ಲ, ಮೈ ತಣಿಯುವುದೇ ಇಲ್ಲ. 14 ನಿಮಿಷವೋ 80 ನಿಮಿಷವೋ ಅಂತ ಕೇಳುವ ಮುಂಚೆ, ಮುಂದಿನ ಪಂದ್ಯ ಯಾವಾಗ ಅಂತ ಕೇಳಿ.

ಪ್ರಶ್ನೆ: ಐಸ್ ನೀರಿನಲ್ಲಿ ಕೂರುವುದರಿಂದ ನಿಜವಾಗಿ ಉಪಯೋಗ ಇದೆಯೇ? — ಜಿಮ್ ತರಬೇತುದಾರ, ತುಮಕೂರು

ಉತ್ತರ: 10ರಿಂದ 15 ಡಿಗ್ರಿ ನೀರಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ನೋವು ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಬೇಗ ಮುಂದಿನ ಪಂದ್ಯ ಇದ್ದಾಗ ಅಷ್ಟು ಸಿಕ್ಕರೂ ಲಾಭ. ದಿನಾ ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ ದಿನಾ ಬೇಡ, ಬೆಳವಣಿಗೆಗೇ ಅಡ್ಡಿ. ನನ್ನನ್ನು ಕೇಳಿದರೆ ಐಸ್‌ಗಿಂತ ಮೊದಲು ನಿದ್ದೆ, ಆಮೇಲೆ ಊಟ.

ಪ್ರಶ್ನೆ: ನೋವು ನುಂಗಿಕೊಂಡು ಆಡುವವರೇ ನಿಜವಾದ ಆಟಗಾರರು ಅಂತ ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ನೀವು ಏನಂತೀರಿ? — ಮಾಜಿ ಹಾಕಿ ಆಟಗಾರರು, ಮೈಸೂರು

ಉತ್ತರ: ಸರ್, ನಾನು ಇದರಲ್ಲಿ ಎರಡು ಮನಸ್ಸಿನವಳು. 2011ರಲ್ಲಿ ನ್ಯೂಜಿಲೆಂಡ್ ನಾಯಕ ರಿಚಿ ಮೆಕಾವ್ ಪಾದದ ಮೂಳೆ ಮುರಿದಿದ್ದೂ ವಿಶ್ವಕಪ್ ಆಡಿದ. ಮುರಿದದ್ದು ಖಚಿತವಾದರೆ ಕೇಳಿದವರಿಗೆ ಸುಳ್ಳು ಹೇಳಬೇಕಾಗುತ್ತದೆ ಅಂತ ಸ್ಕ್ಯಾನ್ ಮಾಡಿಸಿಕೊಳ್ಳಲೇ ಇಲ್ಲ. ಪಂದ್ಯಗಳ ನಡುವೆ ಅಭ್ಯಾಸಕ್ಕೂ ಇಳಿಯದೆ ಕಾಲನ್ನು ಉಳಿಸಿಕೊಳ್ಳುತ್ತಿದ್ದ. ತಂಡ ಗೆದ್ದಿತು. ಅವನ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ. ಆದರೆ ಅವನ ಸುತ್ತ ದಿನವಿಡೀ ನೋಡಿಕೊಳ್ಳುವ ವೈದ್ಯರಿದ್ದರು, ಅವನಿಗೆ 30 ವರ್ಷ, ಏನು ಪಣಕ್ಕಿಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿತ್ತು. ಹದಿನೇಳರ ಹುಡುಗ ನೋವಿನ ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುವುದು ಅದಲ್ಲ, ಸರ್. ಅವನಿಗೆ ಬೇಡ ಅನ್ನಲು ಯಾರೂ ಇರುವುದಿಲ್ಲ. ಮೂಳೆಯ ನೋವು ಆಡುವವನು ತೂಗಿ ನೋಡಬಹುದಾದ ವಿಷಯ. ತಲೆಯ ಪೆಟ್ಟು ಹಾಗಲ್ಲ, ತೂಗಿ ನೋಡಬೇಕಾದ ತಲೆಗೇ ಪೆಟ್ಟಾಗಿರುತ್ತದೆ.

2023ರಲ್ಲಿ ಫ್ರಾನ್ಸ್ ನಾಯಕ ಆಂತ್ವಾನ್ ಡ್ಯುಪಾನ್ ಸೆಪ್ಟೆಂಬರ್ 21ಕ್ಕೆ ಕೆನ್ನೆಯ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು, ವೈದ್ಯರು ಒಪ್ಪಿದ ಮೇಲೆ ಅಕ್ಟೋಬರ್ 15ರ ಕ್ವಾರ್ಟರ್ ಫೈನಲ್‌ಗೆ ತಲೆಗೆ ಕ್ಯಾಪ್ ಹಾಕಿಕೊಂಡು ಬಂದ. ತಂಡ ಒಂದೇ ಅಂಕದಲ್ಲಿ ಸೋತಿತು. ನನಗೆ ಇಷ್ಟವಾಗುವುದು ಈ ದಾರಿ.

ಪ್ರಶ್ನೆ: 33 ಜನ ಕರೆದುಕೊಂಡು ಹೋಗುತ್ತಾರೆ. ಪಂದ್ಯಕ್ಕೆ 23 ಜನ. ಉಳಿದ ಹತ್ತು ಮಂದಿ ಸುಮ್ನೆ ಕೂತಿರ್ತಾರಾ? — ಓದುಗರು, ಧಾರವಾಡ

ಉತ್ತರ: ಅವರಿಗೇ ವಾರವಿಡೀ ಕೆಲಸ. ಆಡುವವರ ಮೈ ಉಳಿಸಲು ಎದುರಾಳಿ ತಂಡದ ಹಾಗೆ ನಿಂತು ಅಭ್ಯಾಸ ಕೊಡುವವರು ಅವರು. ಪೂರ್ತಿ ಬಲದ ಟ್ಯಾಕಲ್ ಅಭ್ಯಾಸ ವಾರಕ್ಕೆ 15 ನಿಮಿಷ ಮೀರಬಾರದು ಅಂತ 2021ರಲ್ಲಿ ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರಗ್ಬಿ ಸೂಚನೆ ಕೊಟ್ಟಿದೆ, ಉಳಿದದ್ದೆಲ್ಲ ಹಗುರ. ಬಟ್ಟಲು ತುಂಬಾ ನೀರಿಟ್ಟುಕೊಂಡು ಚೆಲ್ಲದಂತೆ ನಡೆದ ಹಾಗೆ.

ಇನ್ನು, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ. 2011ರ ನ್ಯೂಜಿಲೆಂಡ್ ತಂಡದಲ್ಲಿ ಆಟ ನಡೆಸುವ, ಹೆಚ್ಚಾಗಿ ಚೆಂಡು ಒದೆಯುವ 10ನೇ ನಂಬರಿನ ಜಾಗಕ್ಕೆ ಡ್ಯಾನ್ ಕಾರ್ಟರ್ ಇದ್ದ. ಅಭ್ಯಾಸದಲ್ಲಿ ಚೆಂಡು ಒದೆಯುವಾಗ ಅವನ ತೊಡೆಸಂದು ಹರಿಯಿತು. ಬದಲಿಗೆ ಬಂದ ಕಾಲಿನ್ ಸ್ಲೇಡ್ ಕ್ವಾರ್ಟರ್ ಫೈನಲ್‌ನಲ್ಲಿ ಗಾಯಗೊಂಡ. ಮೂರನೆಯವನು ಆರನ್ ಕ್ರೂಡನ್, ಫೈನಲ್‌ನ ಮೊದಲರ್ಧದಲ್ಲೇ ಮೊಣಕಾಲು ತಿರುಚಿಕೊಂಡ. ನಾಲ್ಕನೆಯವನು ಸ್ಟೀಫನ್ ಡೊನಾಲ್ಡ್. ಅವನು ತಂಡದಲ್ಲೇ ಇರಲಿಲ್ಲ. ಸ್ಲೇಡ್ ಗಾಯಗೊಂಡಾಗ ಕರೆಯಲು ಫೋನ್ ಮಾಡಿದರೆ ಅವನು ನದಿಯಲ್ಲಿ ಸಣ್ಣ ಮೀನು ಹಿಡಿಯುತ್ತಿದ್ದ. ಅಕ್ಟೋಬರ್ 23ರ ಫೈನಲ್‌ನಲ್ಲಿ ಕ್ರೂಡನ್ ಆಚೆ ಹೋದಾಗ ಒಳಗೆ ಬಂದು ಒದ್ದ ಒಂದೇ ಒಂದು ಪೆನಾಲ್ಟಿ ಕೊನೆಗೆ ಕಪ್ ತಂದಿತು, ಫ್ರಾನ್ಸ್ ಮೇಲೆ 8–7. ಅವನಿಗೆ ಕೊಟ್ಟ ಜೆರ್ಸಿ ಬಿಗಿಯಾಗಿತ್ತು. ಓಡುವಾಗೆಲ್ಲ ಮೇಲೆ ಸರಿಯುತ್ತಿತ್ತು, ಅದನ್ನು ಕೆಳಗೆ ಎಳೆದುಕೊಳ್ಳುತ್ತಲೇ ಆಡಿದ.